ಹಲ್ಲು ಕೀಳಿಸುವವರಿಗೆ ಸಮಗ್ರ ಮಾರ್ಗದರ್ಶಿ: ಹಿಂದಿನ ದಿನದಿಂದ ಗುಂಡಿ ಮುಚ್ಚುವವರೆಗೆ

ಹಲ್ಲು ಕೀಳುವುದು ಡಾಕ್ಟರ ಕೆಲಸ. ಅದು ಸಾಮಾನ್ಯವಾಗಿ ಸಲೀಸಾಗೇ ಮುಗಿಯುತ್ತದೆ. ಕೆಡುವುದು ಮನೆಗೆ ಹೋದ ಮೇಲೆ. ಕೊಡಗಿನ ಒಂದು ದಂತ ಕ್ಲಿನಿಕ್‌ನಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ ಮಾಡುವ ನಾನು ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಮೂರನೇ ದಿನ ಕೆನ್ನೆ ಹಿಡಿದುಕೊಂಡು ವಾಪಸ್ ಬರುತ್ತಾರೆ, ರಾತ್ರಿಯೆಲ್ಲ ನಿದ್ದೆ ಇಲ್ಲ, ಕಿವಿವರೆಗೂ ನೋವು. ಏನು ಮಾಡಿದ್ರಿ ಅಂತ ಕೇಳಿದರೆ ಒಂದೇ ಉತ್ತರ: "ಬಾಯೆಲ್ಲ ರಕ್ತದ ರುಚಿ ಬರ್ತಿತ್ತು, ಅದಕ್ಕೆ ಚೆನ್ನಾಗಿ ಮುಕ್ಕಳಿಸಿ ಮುಕ್ಕಳಿಸಿ ಉಗಿದೆ."

ಹಲ್ಲು ಹೋದ ಜಾಗದ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಂಡಿ ತರಚಿದಾಗ ಕಟ್ಟುವ ಹಕ್ಕಳೆ ಇದ್ದ ಹಾಗೆ ಅದು. ಕೆಳಗಿನ ಮೂಳೆಯನ್ನೂ ನರವನ್ನೂ ಮುಚ್ಚಿಟ್ಟುಕೊಂಡು ಒಳಗಿನಿಂದ ಗಾಯ ಮಾಯುವವರೆಗೆ ಕಾಯುವುದು ಆ ಹೆಪ್ಪೇ. ಕೆಳಗೆ ಬರೆದಿರುವ ಹೆಚ್ಚಿನ ಮಾತೆಲ್ಲ ಅದನ್ನು ಉಳಿಸಿಕೊಳ್ಳುವುದಕ್ಕೇ.

## 1. ಮೊದಲು ಕೇಳಿ: ಕೀಳಲೇಬೇಕಾ?

ನೋವು ತಡೆಯಲಾಗದೆ "ಕಿತ್ತು ಬಿಸಾಕಿ ಡಾಕ್ಟ್ರೇ" ಅಂತ ಬರುವವರು ಜಾಸ್ತಿ. ಆದರೆ ನೋವು ಇದೆ ಅಂದ ಮಾತ್ರಕ್ಕೆ ಹಲ್ಲು ಕೀಳಬೇಕು ಅಂತೇನಿಲ್ಲ. ಹುಳುಕು ನರದವರೆಗೆ ಹೋಗಿದ್ದರೂ ಬೇರು ಗಟ್ಟಿ ಇದ್ದರೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿಸಿ ಉಳಿಸಿಕೊಳ್ಳಬಹುದು. ಎಕ್ಸ್‌ರೇ ತೆಗೆಸಿ, ಅದನ್ನು ತೋರಿಸಿ ಅಂತ ಕೇಳಿ. "ಇದನ್ನು ಉಳಿಸೋಕೆ ಆಗುತ್ತಾ? ಉಳಿಸಿದರೆ ಎಷ್ಟು ಖರ್ಚು? ಕಿತ್ತರೆ ಆ ಜಾಗಕ್ಕೆ ಮುಂದೆ ಏನು ಹಾಕಿಸಬೇಕು?" ಇಷ್ಟು ಕೇಳುವುದಕ್ಕೆ ಸಂಕೋಚ ಬೇಡ.

ಬೇರು ಸೀಳಿದ್ದರೆ, ಕ್ಯಾಪ್ ಕೂರಿಸಲೂ ಹಲ್ಲು ಉಳಿದಿಲ್ಲದಿದ್ದರೆ, ವಸಡಿನ ಕಾಯಿಲೆಯಿಂದ ಹಲ್ಲು ತೀರಾ ಅಲ್ಲಾಡುತ್ತಿದ್ದರೆ, ಬುದ್ಧಿಹಲ್ಲು ಅಡ್ಡಡ್ಡ ಬಂದು ಪದೇ ಪದೇ ಕೀವು ಕಟ್ಟುತ್ತಿದ್ದರೆ ಕೀಳಿಸುವುದೇ ಸರಿ.

ಕೀಳಲೇಬೇಕು ಅಂತಾದರೆ ಇನ್ನೊಂದು ಪ್ರಶ್ನೆ ಕೇಳಿ. ಸುಮ್ನೆ ಎಳೆದರೆ ಬರುತ್ತಾ, ಅಥವಾ ವಸಡು ಬಿಡಿಸಿ ಮೂಳೆ ಸ್ವಲ್ಪ ಕೊರೆದು ತೆಗೆಯಬೇಕಾ? ಎರಡನೆಯದಾದರೆ ಹೊಲಿಗೆ ಬೀಳುತ್ತದೆ, ಊತ ಜಾಸ್ತಿ, ಕೆಲಸಕ್ಕೆ ರಜೆಯೂ ಜಾಸ್ತಿ ಬೇಕು. ಮೊದಲೇ ಗೊತ್ತಿದ್ದರೆ ಗಾಬರಿ ಇರಲ್ಲ.

ಮುಖ ಊದಿಕೊಂಡಿದ್ದರೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಆಂಟಿಬಯಾಟಿಕ್ ನುಂಗಿ ಊತ ಇಳಿಯಲಿ ಅಂತ ವಾರಗಟ್ಟಲೆ ಕಾಯಬೇಡಿ. ಮಾತ್ರೆಯಿಂದ ಊತ ಇಳಿದಂತೆ ಕಾಣುತ್ತದೆ, ಕಾರಣವಾದ ಹಲ್ಲು ಅಲ್ಲೇ ಇರುತ್ತದೆ, ಮತ್ತೆ ಬರುತ್ತದೆ. ಊತ ಇದ್ದಾಗಲೇ ಬಂದು ತೋರಿಸಿ. ಕೀವು ತೆಗೆಯಬೇಕಾ, ಅವತ್ತೇ ಹಲ್ಲು ಕೀಳಬಹುದಾ ಅಂತ ಡಾಕ್ಟರ್ ಹೇಳುತ್ತಾರೆ. ದಾರ ಕಟ್ಟಿ ಎಳೆಯುವುದು, ಕಟಿಂಗ್ ಪ್ಲೇಯರ್ ಹಾಕುವುದು ಖಂಡಿತ ಬೇಡ. ಬೇರು ಒಳಗೇ ಮುರಿದು ಉಳಿಯುತ್ತದೆ.

## 2. ದಿನ ಆರಿಸುವುದು

ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಮ್ಮ ಜಿಲ್ಲೆಯಲ್ಲಂತೂ ಇದು ಬಹಳ ಮುಖ್ಯ.

ಬೆಳಿಗ್ಗೆ ಹೊತ್ತು ಇಟ್ಟುಕೊಳ್ಳಿ, ವಾರದ ಮೊದಲ ದಿನಗಳಲ್ಲಿ. ಬೆಳಿಗ್ಗೆ ಕಿತ್ತರೆ ರಕ್ತ ನಿಲ್ಲದಿದ್ದಾಗ ಸಂಜೆಯೊಳಗೆ ವಾಪಸ್ ಬರಬಹುದು. ಶನಿವಾರ ಸಂಜೆ ಕೀಳಿಸಿಕೊಂಡು ಭಾನುವಾರ ರಕ್ತ ಸೋರುತ್ತಾ ಕೂತರೆ ಯಾವ ಕ್ಲಿನಿಕ್ ಬಾಗಿಲು ತಟ್ಟುತ್ತೀರಿ? ಹುತ್ತರಿ, ಕೈಲ್ ಮುಹೂರ್ತ, ಮನೆಯ ಮದುವೆ ಇವುಗಳ ಹಿಂದಿನ ವಾರವೂ ಬೇಡ. ಹಬ್ಬದ ಮನೆಯಲ್ಲಿ ಹಂದಿ ಸಾರು ಎದುರಿಗಿಟ್ಟುಕೊಂಡು ಗಂಜಿ ಕುಡಿಯುವುದು ಕಷ್ಟ, ಅದಕ್ಕಿಂತ ಹೆಚ್ಚಾಗಿ "ಒಂದು ಪೆಗ್ ಏನೂ ಮಾಡಲ್ಲ ತಗೊ" ಅನ್ನುವ ನೆಂಟರಿಂದ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ.

ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಕೆಲಸದವರು ಒಂದು ದಿನವೂ ಬಿಡುವಿಲ್ಲ ಅಂತ ಕಿತ್ತ ಮಾರನೇ ದಿನವೇ ಮೂಟೆ ಹೊರುತ್ತಾರೆ. ಭಾರ ಎತ್ತಿದಾಗ, ಬಗ್ಗಿದಾಗ ತಲೆಗೆ ರಕ್ತದೊತ್ತಡ ಏರಿ ನಿಂತ ರಕ್ತ ಮತ್ತೆ ಶುರುವಾಗುತ್ತದೆ. ಮಾಮೂಲಿ ಹಲ್ಲಾದರೆ 2 ದಿನ, ಬುದ್ಧಿಹಲ್ಲಾದರೆ 3ರಿಂದ 5 ದಿನ ಭಾರದ ಕೆಲಸ ಬಿಡಲೇಬೇಕು. ತೋಟದ ಯಜಮಾನರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಎರಡು ದಿನ ಅವರಿಗೆ ಕೂತು ಮಾಡುವ ಕೆಲಸ ಕೊಡಿ.

ಮಳೆಗಾಲದಲ್ಲಿ, ಅದರಲ್ಲೂ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ, ಮರ ಬಿದ್ದು ರಸ್ತೆ ಬಂದ್ ಆಗುವುದು, ಕರೆಂಟು ನೆಟ್‌ವರ್ಕ್ ಎರಡೂ ಹೋಗುವುದು ನಮಗೆ ಹೊಸದಲ್ಲ. ಅರ್ಜೆಂಟ್ ಇಲ್ಲದ ಹಲ್ಲಾದರೆ ಮಳೆ ಕಮ್ಮಿ ಇರುವ ವಾರ ನೋಡಿ. ಅರ್ಜೆಂಟ್ ಇದ್ದರೆ ಕಾಯಬೇಡಿ, ಆದರೆ ಆ ರಾತ್ರಿ ಪೇಟೆಗೆ ಹತ್ತಿರದ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಭಾಗಮಂಡಲ, ಶ್ರೀಮಂಗಲ, ಕುಟ್ಟ ಕಡೆಯ ಒಳಗಿನ ಊರಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಖರ್ಚಿನ ಚಿಂತೆ ಇದ್ದವರಿಗೆ: ವಿರಾಜಪೇಟೆಯ ಮಗ್ಗುಲದಲ್ಲಿ ಕೊಡಗು ದಂತ ವೈದ್ಯಕೀಯ ಕಾಲೇಜು ಇದೆ, ಮಡಿಕೇರಿಯಲ್ಲಿ ಜಿಲ್ಲಾಸ್ಪತ್ರೆ ಇದೆ. ಇಂಥ ಕಡೆ ಹೊತ್ತು ಹಿಡಿಯುತ್ತದೆ, ಬೇಗ ಹೋಗಿ ಚೀಟಿ ಮಾಡಿಸಿ.

## 3. ಡಾಕ್ಟರಿಗೆ ಹೇಳಲೇಬೇಕಾದ್ದು

"ನಿಮಗೆ ಬೇರೆ ಏನಾದರೂ ಕಾಯಿಲೆ ಇದೆಯಾ?" ಅಂತ ಕೇಳಿದಾಗ "ಏನೂ ಇಲ್ಲ" ಅಂದುಬಿಡುತ್ತಾರೆ. ಆಮೇಲೆ ಚೀಲದಿಂದ ಐದು ಬಗೆಯ ಮಾತ್ರೆ ಹೊರಬರುತ್ತದೆ. ದಿನಾ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಹಾಗೇ ತನ್ನಿ, ಹೆಸರು ನೆನಪಿಡುವ ಕಷ್ಟವೇ ಬೇಡ.

ಹೃದಯಕ್ಕೆ ಸ್ಟೆಂಟ್ ಹಾಕಿಸಿದವರು, ಪಾರ್ಶ್ವವಾಯು ಆದವರು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿರುತ್ತಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇಂಥವು. ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಹೇಳದೇ ಇರುವುದು. ಎರಡು, "ಹಲ್ಲು ಕೀಳಿಸ್ತೀನಲ್ಲ" ಅಂತ ತಾವೇ ನಿಲ್ಲಿಸಿಬಿಡುವುದು. ಎರಡನೆಯದೇ ಹೆಚ್ಚು ಅಪಾಯ. ಬಾಯಲ್ಲಿ ಬರುವ ರಕ್ತವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್ ಒಳಗೆ ರಕ್ತ ಗಟ್ಟಿಯಾದರೆ ಜೀವಕ್ಕೇ ಬರುತ್ತದೆ. ನಿಲ್ಲಿಸಬೇಕಾ ಬೇಡವಾ ಅನ್ನುವುದನ್ನು ಹೃದಯದ ಡಾಕ್ಟರೂ ಹಲ್ಲಿನ ಡಾಕ್ಟರೂ ಹೇಳಬೇಕು. ವಾರ್ಫರಿನ್ ತಗೊಳ್ಳುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ರಕ್ತ ಪರೀಕ್ಷೆಯ ಹೊಸ ರಿಪೋರ್ಟ್ ತನ್ನಿ.

ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಇಂಜೆಕ್ಷನ್ ಅಥವಾ ವಾರಕ್ಕೊಂದು ಮಾತ್ರೆ ತಗೊಳ್ಳುವ ಅಜ್ಜಿಯಂದಿರು ಅದನ್ನು ಮರೆತೇ ಬಿಡುತ್ತಾರೆ. ಜೊಲೆಡ್ರೋನಿಕ್ ಆಸಿಡ್, ಅಲೆಂಡ್ರೋನೇಟ್ ಅನ್ನುವ ಈ ಔಷಧಿಗಳಿಂದ ಕಿತ್ತ ಜಾಗದ ದವಡೆ ಮೂಳೆ ಮಾಯದೇ ಉಳಿಯುವ ಸಾಧ್ಯತೆ ಇದೆ. ಕರೆದುಕೊಂಡು ಬರುವ ಮಕ್ಕಳು ಇದನ್ನು ಕೇಳಿ ತಿಳಿದುಕೊಂಡೇ ಬರಬೇಕು. ತಲೆ, ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೂ ಅಷ್ಟೇ.

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಕವಾಟದ ಆಪರೇಷನ್, ಕಿಡ್ನಿ, ಲಿವರ್, ಆಸ್ತಮಾ, ಸಿಕಲ್ ಸೆಲ್ ರಕ್ತಹೀನತೆ, ರಕ್ತ ಹೆಪ್ಪುಗಟ್ಟದ ಕಾಯಿಲೆ, ಯಾವುದಾದರೂ ಔಷಧಿಯ ಅಲರ್ಜಿ, ಇವೂ ಹೇಳಬೇಕಾದವೇ. ಗರ್ಭಿಣಿಯರು ಎಷ್ಟು ತಿಂಗಳು ಅಂತ ಹೇಳಿ. 4ರಿಂದ 6ನೇ ತಿಂಗಳು ಅನುಕೂಲ, ಆದರೆ ಕೀವು, ಜ್ವರ ಇದ್ದರೆ ಕಾಯುವುದು ಸರಿಯಲ್ಲ.

## 4. ಮೊದಲೇ ಮನೆಗೆ ತಂದಿಡಿ

ಹಲ್ಲು ಕೀಳಿಸಿಕೊಂಡು ಬಂದು ಮಾತಾಡಲಾಗದ ಬಾಯಲ್ಲಿ ಅಂಗಡಿ ಸುತ್ತುವುದು ಬೇಡ. ಗಾಜ್ ಬಟ್ಟೆಯ ಒಂದು ಪ್ಯಾಕೆಟ್, ಒಂದೆರಡು ಟೀ ಬ್ಯಾಗ್, ಉಪ್ಪು, ಮೆತ್ತನೆ ಎಳೆಯ ಹೊಸ ಬ್ರಷ್, ಹೆಚ್ಚಿಗೆ ಒಂದು ದಿಂಬು, ಟಾರ್ಚ್. ಫ್ರಿಜ್ ಇದ್ದರೆ ಐಸ್. ಕರೆಂಟು ಇಲ್ಲದಿದ್ದರೆ ನಮ್ಮ ಬಾವಿ ನೀರು ಸಾಕು, ಬಟ್ಟೆ ಅದ್ದಿ ಹಿಂಡಿದರೆ ಚೆನ್ನಾಗಿ ತಣ್ಣಗಿರುತ್ತದೆ. ಕ್ಲಿನಿಕ್‌ನ ಫೋನ್ ನಂಬರ್ ಗೋಡೆಗೆ ಬರೆದು ಅಂಟಿಸಿ, ಮೊಬೈಲಲ್ಲಿ ಹುಡುಕುವ ಹಾಗಿರಬಾರದು.

ಜೊತೆಗೊಬ್ಬರು ಬೇಕು. ಒಬ್ಬರೇ ಬೈಕಲ್ಲಿ ಬಂದು, ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಮಳೆಯಲ್ಲಿ ವಾಪಸ್ ಹೋಗುವುದು ಬೇಡವೇ ಬೇಡ. ನಮ್ಮ ತಿರುವಿನ ರಸ್ತೆಯಲ್ಲಿ ಬಸ್ಸಲ್ಲಿ ವಾಂತಿ ಬರುವವರು ಮುಂದಿನ ಸೀಟು ಹಿಡಿಯಿರಿ, ವಾಂತಿ ತಡೆಯುವ ಮಾತ್ರೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಮೊದಲೇ ಕೇಳಿ. ಕಿತ್ತ ಅರ್ಧ ಗಂಟೆಗೆ ವಾಂತಿ ಆದರೆ ಕಟ್ಟಿದ ಹೆಪ್ಪು ಅದರ ಜೊತೆಗೇ ಹೋಗುತ್ತದೆ.

## 5. ಅವತ್ತು ಬೆಳಿಗ್ಗೆ

ತಿಂಡಿ ತಿಂದು ಬನ್ನಿ. ಇದನ್ನು ಎಷ್ಟು ಸಲ ಹೇಳಿದರೂ ಖಾಲಿ ಹೊಟ್ಟೆಯಲ್ಲಿ ಬರುವವರು ಬರುತ್ತಲೇ ಇರುತ್ತಾರೆ, ಆಪರೇಷನ್ ಅಂದರೆ ಉಪವಾಸ ಅನ್ನುವ ಅಭ್ಯಾಸ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವುದಾದರೆ ಮಾತ್ರ ಉಪವಾಸ, ಅದನ್ನು ಡಾಕ್ಟರೇ ಹೇಳಿರುತ್ತಾರೆ. ವಸಡಿಗೆ ಇಂಜೆಕ್ಷನ್ ಕೊಟ್ಟು ಕೀಳುವುದಾದರೆ ಹೊಟ್ಟೆ ತುಂಬಿರಬೇಕು. ಖಾಲಿ ಹೊಟ್ಟೆ, ಹೆದರಿಕೆ ಎರಡೂ ಸೇರಿದರೆ ತಲೆ ಸುತ್ತಿ ಬೀಳುತ್ತೀರಿ. ಹೇಗೂ ಆಮೇಲೆ ಎರಡು ಮೂರು ಗಂಟೆ ಏನೂ ತಿನ್ನಲಾಗುವುದಿಲ್ಲ.

ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಇನ್ಸುಲಿನ್ ಎಂದಿನಂತೆ ತಗೊಳ್ಳಿ. ಚೆನ್ನಾಗಿ ಹಲ್ಲುಜ್ಜಿ. ಎಲೆ ಅಡಿಕೆ, ಹೊಗೆಸೊಪ್ಪು, ಸಿಗರೇಟು, ಕುಡಿತ ಅವತ್ತು ಬೇಡ. ಧೈರ್ಯಕ್ಕೆ ಅಂತ ಹಾಕಿಕೊಂಡು ಬಂದವರಿಗೆ ಹಲ್ಲು ಕೀಳದೆ ವಾಪಸ್ ಕಳಿಸುತ್ತಾರೆ.

## 6. ಕುರ್ಚಿಯಲ್ಲಿ ಏನಾಗುತ್ತದೆ

ಮೊದಲು ಇಂಜೆಕ್ಷನ್. ಚುಚ್ಚುವಾಗ ಒಂದು ಚುರುಕು ನೋವು, ಅಷ್ಟೇ. ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಜೊತೆ ಅಡ್ರಿನಲಿನ್ ಸೇರಿರುವುದರಿಂದ ಕೆಲವರಿಗೆ ಒಂದೆರಡು ನಿಮಿಷ ಎದೆ ಢವಢವ ಅನ್ನುತ್ತದೆ, ತಾನಾಗಿ ಇಳಿಯುತ್ತದೆ. ಮೇಲಿನ ಹಲ್ಲಿಗೆ ಬೇಗ ಮರಗಟ್ಟುತ್ತದೆ. ಕೆಳಗಿನ ದವಡೆ ಹಲ್ಲಿಗೆ ಐದು ಹತ್ತು ನಿಮಿಷ ಬೇಕು, ಆ ಕಡೆಯ ತುಟಿ, ಅರ್ಧ ನಾಲಿಗೆ ಕೂಡ ದಪ್ಪ ಆದ ಹಾಗೆ ಅನ್ನಿಸುತ್ತದೆ. ಕೀವು ಜಾಸ್ತಿ ಇದ್ದರೆ ಇಂಜೆಕ್ಷನ್ ಅಷ್ಟಾಗಿ ಹಿಡಿಯುವುದಿಲ್ಲ, ಇನ್ನೊಂದು ಕೊಡಬೇಕಾಗಬಹುದು.

ಇನ್ನು ಮುಂದೆ ಹೇಳುವುದನ್ನು ಗಮನವಿಟ್ಟು ಓದಿ, ಭಯ ಅರ್ಧ ಇಲ್ಲೇ ಹೋಗುತ್ತದೆ. ಇಂಜೆಕ್ಷನ್ ನೋವನ್ನು ತಡೆಯುತ್ತದೆ, ಒತ್ತುವುದನ್ನು ತಡೆಯುವುದಿಲ್ಲ. ಡಾಕ್ಟರ್ ಒಂದು ಚಪ್ಪಟೆ ಸಾಧನದಿಂದ ಹಲ್ಲನ್ನು ವಸಡಿನಿಂದ ಬಿಡಿಸಿ ಅಲ್ಲಾಡಿಸುತ್ತಾರೆ, ಆಮೇಲೆ ಇಕ್ಕಳ ಹಾಕಿ ಆಚೆ ಈಚೆ ತಿರುಗಿಸುತ್ತಾರೆ. ದವಡೆ ಪೂರ್ತಿ ಒತ್ತಿದ ಹಾಗೆ, ಎಳೆದ ಹಾಗೆ ಆಗುತ್ತದೆ. ಕಟಕ್ ಅಂತ ಶಬ್ದ ಬರುತ್ತದೆ. ಹಲ್ಲಿನ ಶಬ್ದ ಮೂಳೆಯ ಮೂಲಕ ನೇರ ಕಿವಿಗೆ ಹೋಗುವುದರಿಂದ ಸಣ್ಣ ಶಬ್ದವೂ ತಲೆಯೊಳಗೇ ಆದಂತೆ ಕೇಳುತ್ತದೆ. ಶಬ್ದ ಕೇಳಿ "ಮೂಳೆ ಮುರೀತು" ಅಂತ ಎದ್ದು ಕೂರಬೇಡಿ. ಚುರುಕ್ ಅಂತ ನೋವಾದರೆ ಮಾತ್ರ ಎಡಗೈ ಎತ್ತಿ, ಡಾಕ್ಟರ ಕೈ ಹಿಡಿಯಬೇಡಿ. ಅವರು ನಿಲ್ಲಿಸಿ ಮತ್ತೊಂದು ಇಂಜೆಕ್ಷನ್ ಕೊಡುತ್ತಾರೆ. ನೋವು ಸಹಿಸಿಕೊಂಡು ಕೂರಬೇಕಾದ ಅಗತ್ಯವೇ ಇಲ್ಲ.

ಕೊನೆಗೆ ಗುಂಡಿಯ ಮೇಲೆ ಹತ್ತಿ ಮಡಿಸಿಟ್ಟು "ಕಚ್ಚಿಕೊಳ್ಳಿ" ಅನ್ನುತ್ತಾರೆ. ಇಲ್ಲಿಂದ ಕೆಲಸ ನಿಮ್ಮದು.

## 7. ಮೊದಲ ಒಂದು ಗಂಟೆ: ಕಚ್ಚಿ, ನುಂಗಿ, ಸುಮ್ಮನಿರಿ

ಹತ್ತಿಯನ್ನು 45 ನಿಮಿಷದಿಂದ 1 ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ಅಗಿಯಬಾರದು. ಒಬ್ಬರು ಅಜ್ಜಿ ಹೊರಗೆ ಬೆಂಚಿನಲ್ಲಿ ಕೂತು, ಐದೈದು ನಿಮಿಷಕ್ಕೆ ಹತ್ತಿ ಹೊರಗೆ ತೆಗೆದು, ತಿರುಗಿಸಿ ನೋಡಿ, "ಇನ್ನೂ ಕೆಂಪಗೇ ಇದೆ" ಅಂತ ಸೊಸೆಗೆ ತೋರಿಸಿ ಮತ್ತೆ ಬಾಯಿಗಿಡುತ್ತಿದ್ದರು. ಪ್ರತಿ ಸಲ ತೆಗೆದಾಗಲೂ ಅಷ್ಟೊತ್ತು ಕಟ್ಟಿದ್ದ ಹೆಪ್ಪು ಹತ್ತಿಗೆ ಅಂಟಿ ಕಿತ್ತು ಬರುತ್ತದೆ. ಹತ್ತಿ ಕೆಂಪಗೇ ಇರುತ್ತದೆ, ನೋಡುವುದೇನೂ ಇಲ್ಲ. ಗಡಿಯಾರ ನೋಡಿ.

ಎಂಜಲು ಉಗಿಯಬೇಡಿ. ನುಂಗಿ. ಸ್ವಲ್ಪ ರಕ್ತ ಸೇರಿದ ಎಂಜಲು ಹೊಟ್ಟೆಗೆ ಹೋದರೆ ಏನೂ ಆಗಲ್ಲ. ಉಗಿಯುವಾಗ ಬಾಯೊಳಗೆ ಎಳೆತ ಉಂಟಾಗಿ ಹೆಪ್ಪು ಸಡಿಲವಾಗುತ್ತದೆ. ಅದೇ ಕಾರಣಕ್ಕೆ ಸ್ಟ್ರಾ ಹಾಕಿ ಎಳನೀರು ಕುಡಿಯುವುದೂ ಬೇಡ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ. ಕಚ್ಚಿಕೊಂಡಿರುವಾಗ ಫೋನಲ್ಲಿ ಮಾತಾಡಬೇಡಿ, ಮನೆಯವರಿಗೆ ಮೆಸೇಜ್ ಹಾಕಿದರೆ ಸಾಕು.

ಸಾಧ್ಯವಾದರೆ ಈ ಒಂದು ಗಂಟೆ ಕ್ಲಿನಿಕ್‌ನಲ್ಲೇ ಕೂತು, ರಕ್ತ ನಿಂತಿದ್ದನ್ನು ತೋರಿಸಿಯೇ ಬಸ್ಸು ಹತ್ತಿ. ದೂರದವರು ಇದನ್ನು ತಪ್ಪದೇ ಮಾಡಿ.

## 8. ಮೊದಲ 24 ಗಂಟೆ

ಮರಗಟ್ಟಿದ್ದು 2ರಿಂದ 4 ಗಂಟೆಯಲ್ಲಿ ಇಳಿಯುತ್ತದೆ. ಅದು ಪೂರ್ತಿ ಇಳಿಯುವ ಮೊದಲೇ ಚೀಟಿಯಲ್ಲಿ ಬರೆದ ನೋವಿನ ಮಾತ್ರೆ ತಗೊಳ್ಳಿ. ನೋವು ಬಂದ ಮೇಲೆ ನುಂಗಿದರೆ ಮಾತ್ರೆ ಕೆಲಸ ಮಾಡುವವರೆಗೆ ಸುಮ್ನೆ ಒದ್ದಾಡಬೇಕು. ಮರಗಟ್ಟಿರುವಾಗ ತುಟಿ, ಕೆನ್ನೆ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ, ಮಕ್ಕಳು ಆಟಕ್ಕೆ ತುಟಿ ಕಚ್ಚಿ ದೊಡ್ಡ ಗಾಯ ಮಾಡಿಕೊಳ್ಳುತ್ತಾರೆ.

ಮಾತ್ರೆ ವಿಷಯದಲ್ಲಿ ಒಂದು ಎಚ್ಚರ. ಅಂಗಡಿಯಲ್ಲಿ ಸಿಗುವ ಅನೇಕ ನೋವಿನ ಮಾತ್ರೆಗಳ ಒಳಗೇ ಪ್ಯಾರಾಸಿಟಮಾಲ್ ಸೇರಿರುತ್ತದೆ. ಅದರ ಮೇಲೆ ಡೋಲೋ 650 ಬೇರೆ ನುಂಗಿದರೆ ಎರಡು ಪಾಲು ಆಯಿತು, ಲಿವರ್‌ಗೆ ಪೆಟ್ಟು. ಸ್ಟ್ರಿಪ್ ಹಿಂದೆ ಏನು ಬರೆದಿದೆ ಅಂತ ಓದಿ, ಇಲ್ಲಾ ಮೆಡಿಕಲ್‌ನವರನ್ನು ಕೇಳಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಗೊಳ್ಳಬಾರದು. ನೋವಿಗೆ ಅಂತ ಆಸ್ಪಿರಿನ್ ಬೇಡ, ಅದು ರಕ್ತ ನಿಲ್ಲದ ಹಾಗೆ ಮಾಡುತ್ತದೆ. ಯಾವ ಮಾತ್ರೆಯನ್ನೂ ಪುಡಿ ಮಾಡಿ ವಸಡಿಗೆ ಇಡಬೇಡಿ, ಸುಟ್ಟು ಹುಣ್ಣಾಗುತ್ತದೆ.

ಕೆನ್ನೆಯ ಹೊರಗಡೆ ಐಸ್ ಅಥವಾ ತಣ್ಣೀರು ಬಟ್ಟೆ ಇಡಿ: 15 ನಿಮಿಷ ಇಡುವುದು, 15 ನಿಮಿಷ ಬಿಡುವುದು. ಐಸನ್ನು ಬಟ್ಟೆಯಲ್ಲಿ ಸುತ್ತಿ. ನಮ್ಮ ಕಡೆ ಚಳಿ ಅಂತ ಒಲೆ ಮುಂದೆ ಕೂತು, ಮಫ್ಲರ್ ಕಾಯಿಸಿ ಕೆನ್ನೆಗೆ ಒತ್ತಿಕೊಳ್ಳುವವರಿದ್ದಾರೆ. ಮೊದಲ ದಿನ ಶಾಖ ಕೊಟ್ಟರೆ ರಕ್ತವೂ ಜಾಸ್ತಿ, ಊತವೂ ಜಾಸ್ತಿ. ಹಂಡೆಯ ಸುಡುಸುಡು ನೀರನ್ನು ತಲೆಗೆ ಸುರಿದುಕೊಳ್ಳುವುದೂ ಅವತ್ತು ಬೇಡ, ಬೆಚ್ಚಗಿನ ನೀರು ಸಾಕು.

ಮುಕ್ಕಳಿಸಬೇಡಿ. ಉಪ್ಪು ನೀರೂ ಬೇಡ, ಮೌತ್‌ವಾಶ್ ಕೂಡ ಬೇಡ, 24 ಗಂಟೆ ಪೂರ್ತಿ. ರಕ್ತದ ರುಚಿ ಬರುತ್ತದೆ, ಬರಲಿ. ತಣ್ಣೀರು ನಿಧಾನ ಕುಡಿದು ನುಂಗಿ. ನಾಲಿಗೆ ತುದಿ ಆ ಗುಂಡಿ ಹುಡುಕಿಕೊಂಡು ಹೋಗುತ್ತಲೇ ಇರುತ್ತದೆ, ಬೆರಳು ಹಾಕಿ ನೋಡುವ ಮನಸ್ಸೂ ಆಗುತ್ತದೆ. ಬೇಡ. ಅರಿಶಿನ, ಲವಂಗದ ಎಣ್ಣೆ, ಹೊಗೆಸೊಪ್ಪು, ಸುಣ್ಣ ಇವನ್ನು ಗುಂಡಿಗೆ ತುಂಬುವ ಹಿರಿಯರ ಸಲಹೆ ಬಂದರೆ ಅವರಿಗೆ ನೋವಾಗದಂತೆ ಹೇಳಿ ತಪ್ಪಿಸಿಕೊಳ್ಳಿ. ಹಸಿ ಗಾಯಕ್ಕೆ ಅವು ಉರಿ, ಸೋಂಕು ತರುತ್ತವೆ.

ಉಳಿದ ಹಲ್ಲುಗಳನ್ನು ರಾತ್ರಿ ಮೆಲ್ಲಗೆ ಉಜ್ಜಿ, ಆ ಜಾಗ ಬಿಟ್ಟು. ನೊರೆಯನ್ನು ಉಗಿಯದೆ ಬಾಯಿ ಬಗ್ಗಿಸಿ ತಾನಾಗಿ ಜಾರಿ ಬೀಳುವಂತೆ ಬಿಡಿ. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ, ಹಳೇ ಟವೆಲ್ ಹಾಸಿ. ಬೆಳಿಗ್ಗೆ ಅದರ ಮೇಲೆ ಗುಲಾಬಿ ಕಲೆ ಕಂಡರೆ ಗಾಬರಿ ಬೇಡ. ಎಂಜಲಲ್ಲಿ ತಿಳಿಗೆಂಪು 24 ಗಂಟೆವರೆಗೂ ಇರಬಹುದು.

ಎಂಜಲಲ್ಲ, ರಕ್ತವೇ ಬಾಯಿ ತುಂಬುತ್ತಿದ್ದರೆ? ನೇರ ಕೂತುಕೊಳ್ಳಿ. ಗಾಜ್ ಬಟ್ಟೆಯನ್ನು ದಪ್ಪಗೆ ಮಡಿಸಿ, ಸ್ವಲ್ಪ ಒದ್ದೆ ಮಾಡಿ, ಸರಿಯಾಗಿ ಗುಂಡಿಯ ಮೇಲಿಟ್ಟು 30 ನಿಮಿಷ ಕಚ್ಚಿ. ಹೆಚ್ಚಿನವರು ಬಟ್ಟೆಯನ್ನು ಪಕ್ಕದ ಹಲ್ಲಿನ ಮೇಲಿಟ್ಟು ಕಚ್ಚುತ್ತಾರೆ, ಒತ್ತಡ ಗಾಯಕ್ಕೆ ತಾಗುವುದೇ ಇಲ್ಲ. ಟಾರ್ಚ್ ಬೇಕು ಅಂದಿದ್ದು ಇದಕ್ಕೇ, ಮನೆಯವರು ಬೆಳಕು ಹಿಡಿದು ನೋಡಿ ಇಡಲಿ. ನಿಲ್ಲದಿದ್ದರೆ ಟೀ ಬ್ಯಾಗ್ ಬಿಸಿನೀರಲ್ಲಿ ನೆನೆಸಿ, ಪೂರ್ತಿ ಆರಿಸಿ, ಹಿಂಡಿ, ಇನ್ನೊಂದು 30 ನಿಮಿಷ. ಟೀಯ ಒಗರು ರಕ್ತ ನಿಲ್ಲಲು ನೆರವಾಗುತ್ತದೆ. ಆಗಲೂ ನಿಲ್ಲದಿದ್ದರೆ ಹೊರಡಿ.

## 9. ಎರಡನೇ ದಿನದಿಂದ ವಾರದವರೆಗೆ

24 ಗಂಟೆ ಕಳೆದ ಮೇಲೆ ಉಪ್ಪು ನೀರು. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಊಟ ಆದ ಮೇಲೆ, ದಿನಕ್ಕೆ ಮೂರು ನಾಲ್ಕು ಸಲ. ಗಳಗಳ ಅನ್ನಿಸಬೇಡಿ. ಬಾಯಿಗೆ ಹಾಕಿಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಬಾಯಿ ತೆರೆದು ಬೀಳಿಸಿ.

ಊತ ಎರಡನೇ, ಮೂರನೇ ದಿನಕ್ಕೆ ಜಾಸ್ತಿಯಾಗುತ್ತದೆ, ಬುದ್ಧಿಹಲ್ಲಾದರೆ ಕನ್ನಡಿ ನೋಡಿದಾಗ ಗುರುತು ಸಿಗದಷ್ಟು. ಮೂರು ದಿನ ಕಳೆದ ಮೇಲೆ ಇಳಿಯುತ್ತಾ ಬರಬೇಕು. ಕೆನ್ನೆ ನೀಲಿ, ಹಳದಿ ಆಗಬಹುದು. ಬಾಯಿ ಪೂರ್ತಿ ತೆರೆಯಲಾಗದೆ ದವಡೆ ಬಿಗಿದುಕೊಳ್ಳುವುದೂ ಮಾಮೂಲು. 48 ಗಂಟೆ ಆದ ಮೇಲೆ ಬೆಚ್ಚಗಿನ ಬಟ್ಟೆಯ ಶಾಖ ಕೊಡಬಹುದು, ಬಾಯಿ ಮೆಲ್ಲಗೆ ತೆರೆದು ಮುಚ್ಚಿ ಅಭ್ಯಾಸ ಮಾಡಿ.

ಗುಂಡಿಯೊಳಗೆ ಬಿಳಿ ಹಳದಿ ಪದರ ಕಂಡು ಕೀವು ಅಂದುಕೊಂಡು ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒರೆಸುತ್ತಾರೆ. ಅದು ಗಾಯ ಮಾಯುವಾಗ ಬರುವ ಪದರ. ಮುಟ್ಟಬೇಡಿ. ಕೀವು ಆಗಿದ್ದರೆ ಕೆಟ್ಟ ರುಚಿ, ಜಾಸ್ತಿಯಾಗುವ ನೋವು, ಊತ, ಜ್ವರ ಜೊತೆಗಿರುತ್ತವೆ.

ಕರಗುವ ಹೊಲಿಗೆ ಒಂದೆರಡು ವಾರದಲ್ಲಿ ತಾನಾಗಿ ಬೀಳುತ್ತದೆ. ಕಪ್ಪು ರೇಷ್ಮೆ ದಾರದ ಹೊಲಿಗೆಯನ್ನು ಸುಮಾರು 7 ದಿನಕ್ಕೆ ಬಂದು ತೆಗೆಸಬೇಕು. ನೋವಿಲ್ಲ ಅಂತ ಬರದೇ ಇರುವವರು ಬಹಳ, ಅದರಲ್ಲಿ ಅನ್ನ ಸಿಕ್ಕಿ ವಾಸನೆ ಬರುತ್ತದೆ.

ಮೇಲಿನ ಹಿಂದಿನ ಹಲ್ಲು ಕೀಳಿಸಿದವರು ಮೂಗನ್ನು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಿ. ಆ ಬೇರುಗಳಿಗೂ ಮುಖದೊಳಗಿನ ಸೈನಸ್‌ಗೂ ನಡುವೆ ತೆಳು ಮೂಳೆ ಮಾತ್ರ ಇರುತ್ತದೆ. ಕುಡಿದ ನೀರು ಮೂಗಿನಲ್ಲಿ ಬಂದರೆ ಅದು ತೂತಾಗಿದೆ ಅಂತ ಅರ್ಥ, ಬಂದು ತೋರಿಸಿ.

ಸಿಗರೇಟು, ಬೀಡಿ, ಎಲೆ ಅಡಿಕೆ, ಹೊಗೆಸೊಪ್ಪು ಕನಿಷ್ಠ 3 ದಿನ, ಆಗುವುದಾದರೆ ಒಂದು ವಾರ ಬಿಡಿ. ಮಾತ್ರೆ ನಡೆಯುತ್ತಿರುವಾಗ ಕುಡಿತ ಬೇಡ. ಹಲ್ಲಿನ ಸೋಂಕಿಗೆ ಮೆಟ್ರೋನಿಡಜೋಲ್ ಬರೆಯುವುದು ಸಾಮಾನ್ಯ. ಅದರ ಜೊತೆ ಕುಡಿದರೆ ವಾಂತಿ, ತಲೆ ಸಿಡಿತ, ಎದೆ ಬಡಿತ ಬರಬಹುದು, ಮಾತ್ರೆ ಮುಗಿದ ಮೇಲೂ 3 ದಿನ ದೂರ ಇರಿ.

## 10. ಊಟ

ಅವತ್ತು ತಣ್ಣಗಿನದು, ಮಾರನೇ ದಿನದಿಂದ ಉಗುರು ಬೆಚ್ಚಗಿನದು, ಒಂದು ವಾರ ಮೆತ್ತಗಿನದು. ಮರಗಟ್ಟಿದ್ದು ಇಳಿದ ಮೇಲೇ ತಿನ್ನಿ.

ಆರಿದ ಗಂಜಿ, ಮಿದ್ದ ಮೊಸರನ್ನ, ರಾಗಿ ಅಂಬಲಿ, ಬಾಳೆಹಣ್ಣು, ಹಾಲಲ್ಲಿ ನೆನೆಸಿದ ಇಡ್ಲಿ ಅಥವಾ ನೂಪುಟ್ಟು (ಒತ್ತು ಶಾವಿಗೆ) ಮೊದಲ ದಿನಕ್ಕೆ ಚೆನ್ನ. ಎರಡನೇ ದಿನದಿಂದ ಪಾಪುಟ್ಟು (ಹಾಲಲ್ಲಿ ಬೇಯಿಸಿದ ಅಕ್ಕಿ ತರಿಯ ಪುಟ್ಟು), ಬೇಳೆ ಕಟ್ಟು ಕಲಸಿದ ಮೆತ್ತನೆ ಅನ್ನ, ಮೊಟ್ಟೆ. ಇನ್ನೊಂದು ಕಡೆಯ ಹಲ್ಲಲ್ಲಿ ಅಗಿಯಿರಿ.

ಬೆಲ್ಲದ ಕಾಪಿ ಬಿಡಲು ಆಗಲ್ಲ ಅಂತ ಗೊತ್ತು. ಪೂರ್ತಿ ಆರಿಸಿ ಕುಡಿಯಿರಿ, ಹಬೆಯಾಡುವ ಕಾಪಿಯಿಂದ ಹೊಸ ಹೆಪ್ಪು ಸಡಿಲವಾಗುತ್ತದೆ. ಕಾಳುಮೆಣಸು, ಕಾಚಂಪುಳಿ ಬಿದ್ದ ಸಾರು ಹಸಿ ಗಾಯಕ್ಕೆ ಉರಿಯೋ ಉರಿ. ಕಿತ್ತಳೆ ಹುಳಿಯೂ ಹಾಗೇ. ಅಕ್ಕಿ ರೊಟ್ಟಿ, ಚಕ್ಕುಲಿ, ಕಡಲೆಬೀಜ, ಕಣಿಲೆ ಪಲ್ಯ ಒಂದು ವಾರ ಕಳೆದ ಮೇಲೆ.

ಸಣ್ಣ ಕಾಳುಗಳನ್ನು ಮರೆಯುತ್ತಾರೆ. ಒಗ್ಗರಣೆಯ ಸಾಸಿವೆ, ಎಳ್ಳು, ಟೊಮೆಟೊ ಬೀಜ ಗುಂಡಿಯೊಳಗೆ ಹೋಗಿ ಕೂತರೆ ನಾಲಿಗೆಗೂ ಸಿಗಲ್ಲ. ಒಗ್ಗರಣೆ ಇಲ್ಲದ ಸಾರು ಎತ್ತಿಡಿ ಅಂತ ಮನೆಯಲ್ಲಿ ಹೇಳಿ. ಸಿಕ್ಕಿಕೊಂಡರೆ ಉಪ್ಪು ನೀರಲ್ಲಿ ಮೆಲ್ಲಗೆ ಮುಕ್ಕಳಿಸಿ, ಕಡ್ಡಿ ಹಾಕಬೇಡಿ.

ಸಕ್ಕರೆ ಕಾಯಿಲೆಯವರು ಊಟ ಕಮ್ಮಿ ಮಾಡಿ ಮಾತ್ರೆ ಎಂದಿನಷ್ಟೇ ತಗೊಂಡರೆ ಸಕ್ಕರೆ ಇಳಿದು ಬೆವರು, ನಡುಕ ಬರುತ್ತದೆ. ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನಿ, ಮಾತ್ರೆ ಬಗ್ಗೆ ಮೊದಲೇ ಕೇಳಿಟ್ಟುಕೊಳ್ಳಿ.

## 11. ಹೆಪ್ಪು ಹೋದರೆ: ಡ್ರೈ ಸಾಕೆಟ್

ಗುರುತು ಹಿಡಿಯುವುದು ಸುಲಭ. ಮೊದಲೆರಡು ದಿನ ನೋವು ಇಳಿದಿರುತ್ತದೆ, ಎರಡರಿಂದ ನಾಲ್ಕನೇ ದಿನದ ಒಳಗೆ ಏಕಾಏಕಿ ಏರುತ್ತದೆ. ಬಡಿತದ ನೋವು, ಕಿವಿ, ಕಪಾಳಕ್ಕೆಲ್ಲ ಹಬ್ಬುತ್ತದೆ. ಬಾಯಿ ಕೆಟ್ಟ ವಾಸನೆ. ಗುಂಡಿ ನೋಡಿದರೆ ಕಪ್ಪುಗೆಂಪು ಹೆಪ್ಪು ಇರಲ್ಲ, ಖಾಲಿ ಗುಂಡಿ, ತಳದಲ್ಲಿ ಬೂದು ಬಣ್ಣದ ಮೂಳೆ. ಮಾತ್ರೆಗೆ ಬಗ್ಗಲ್ಲ.

ಕೆಳಗಿನ ಬುದ್ಧಿಹಲ್ಲು ಕೀಳಿಸಿದವರಿಗೆ, ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಣ್ಣುಮಕ್ಕಳಿಗೆ ಇದು ಬರುವ ಸಾಧ್ಯತೆ ಜಾಸ್ತಿ. ಎಲ್ಲ ಸರಿಯಾಗಿ ಮಾಡಿದವರಿಗೂ ಒಮ್ಮೊಮ್ಮೆ ಬರುತ್ತದೆ, ಅದಕ್ಕೆ ತಮ್ಮನ್ನು ಬೈದುಕೊಳ್ಳುವ ಅಗತ್ಯವಿಲ್ಲ. ಇದಕ್ಕೆ ಆಂಟಿಬಯಾಟಿಕ್ ಮದ್ದಲ್ಲ. ಡಾಕ್ಟರ್ ಗುಂಡಿ ತೊಳೆದು ಔಷಧಿ ಅದ್ದಿದ ಪಟ್ಟಿ ಇಡುತ್ತಾರೆ, ಸ್ವಲ್ಪ ಹೊತ್ತಿಗೇ ಹಾಯೆನಿಸುತ್ತದೆ, ಕೆಲವರಿಗೆ ಒಂದೆರಡು ಸಲ ಪಟ್ಟಿ ಬದಲಿಸಬೇಕಾಗುತ್ತದೆ. ಮನೆಯಲ್ಲಿ ಹಲ್ಲು ಕಚ್ಚಿ ಸಹಿಸುತ್ತಾ ಕೂರಬೇಡಿ, ಅವತ್ತೇ ಬನ್ನಿ.

## 12. ಕಾಯದೆ ಹೊರಡಬೇಕಾದ ಲಕ್ಷಣಗಳು

ಎರಡು ಸಲ ಅರ್ಧರ್ಧ ಗಂಟೆ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ. ಮೂರು ದಿನ ಆದ ಮೇಲೆ ಊತ ಇಳಿಯುವ ಬದಲು ಏರಿದರೆ. 101 ಡಿಗ್ರಿ ಜ್ವರ, ಚಳಿ ಬಂದರೆ. ಕೀವು ಬಂದರೆ. ಮಾರನೇ ದಿನವೂ ತುಟಿ, ಗದ್ದ, ನಾಲಿಗೆ ಮರಗಟ್ಟಿಯೇ ಇದ್ದರೆ, ನರಕ್ಕೆ ಪೆಟ್ಟಾಗಿರಬಹುದು, ಬೇಗ ತಿಳಿಸಿ. ಮಾತ್ರೆ ತಗೊಂಡ ಮೇಲೆ ಮೈಮೇಲೆ ದದ್ದು ಎದ್ದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

ಇದಕ್ಕಿಂತ ಗಂಭೀರವಾದದ್ದು ಬೇರೆ ಇದೆ. ಗದ್ದದ ಕೆಳಗೆ, ಕುತ್ತಿಗೆಗೆ ಊತ ಇಳಿದು ಗಟ್ಟಿಯಾಗುವುದು, ನಾಲಿಗೆ ಮೇಲೆ ಎದ್ದು ಬರುವುದು, ಎಂಜಲು ನುಂಗಲಾಗದೆ ಸೋರುವುದು, ಮಾತು ಗೊಗ್ಗರಾಗುವುದು, ಉಸಿರಾಟ ಕಷ್ಟವಾಗುವುದು. ಮಾತ್ರೆ ತಗೊಂಡ ಮೇಲೆ ಮುಖ ಊದಿ ಉಸಿರು ಕಟ್ಟುವುದೂ ಇದೇ ಲೆಕ್ಕ. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ, ಕ್ಲಿನಿಕ್ ತೆಗೆಯಲಿ ಅಂತ ಕಾಯುವ ಹಾಗಿಲ್ಲ. 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕಿದ ಜೀಪು ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗಿ. ಕುತ್ತಿಗೆಗೆ ಇಳಿದ ಸೋಂಕು ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಬಲ್ಲದು. ರೋಗಿಯನ್ನು ಮಲಗಿಸಬೇಡಿ, ಕೂರಿಸಿಕೊಂಡೇ ಕರೆದುಕೊಂಡು ಹೋಗಿ.

## 13. ಆಮೇಲಿನ ತಿಂಗಳುಗಳು

ವಸಡು 2ರಿಂದ 4 ವಾರದಲ್ಲಿ ಕೂಡಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಲು 3ರಿಂದ 6 ತಿಂಗಳು ಬೇಕು. ಮಧ್ಯೆ ಒಂದು ದಿನ ವಸಡಿನಿಂದ ಚೂಪಾದ ಬಿಳಿ ಚೂರು ಮೂತಿ ಹೊರಹಾಕಬಹುದು. ಬೇರು ಬಿಟ್ಟುಬಿಟ್ಟಿದ್ದಾರೆ ಅಂತ ಸಿಟ್ಟಾಗುವ ಮೊದಲು ತೋರಿಸಿ, ಹೆಚ್ಚಿನ ಸಲ ಅದು ಮೂಳೆಯ ಸಣ್ಣ ಚೂರು, ತಾನಾಗಿ ಬೀಳುತ್ತದೆ ಇಲ್ಲವೇ ಡಾಕ್ಟರ್ ಚಿಮುಟದಲ್ಲಿ ತೆಗೆಯುತ್ತಾರೆ.

ಬುದ್ಧಿಹಲ್ಲಿನ ಜಾಗಕ್ಕೆ ಏನೂ ಹಾಕಿಸಬೇಕಾಗಿಲ್ಲ. ಬೇರೆ ದವಡೆ ಹಲ್ಲಾದರೆ ಜಾಗ ಖಾಲಿ ಬಿಟ್ಟಂತೆ ಪಕ್ಕದ ಹಲ್ಲು ಆ ಕಡೆ ವಾಲುತ್ತದೆ, ಎದುರಿನ ಹಲ್ಲು ಉದ್ದವಾಗಿ ಇಳಿಯುತ್ತದೆ, ಸಂದಿಯಲ್ಲಿ ಊಟ ಸಿಕ್ಕಿ ಅವೂ ಹುಳುಕಾಗುತ್ತವೆ. ತೆಗೆದು ಹಾಕುವ ಸೆಟ್ಟು, ಪಕ್ಕದ ಹಲ್ಲುಗಳಿಗೆ ಕಟ್ಟುವ ಬ್ರಿಜ್, ಮೂಳೆಗೆ ಕೂರಿಸುವ ಇಂಪ್ಲಾಂಟ್, ಮೂರು ದಾರಿಗಳಿವೆ, ಖರ್ಚೂ ಅದೇ ಕ್ರಮದಲ್ಲಿ ಏರುತ್ತದೆ. ಯಾವುದಕ್ಕಾದರೂ ಸಾಮಾನ್ಯವಾಗಿ ಸುಮಾರು 3 ತಿಂಗಳು ಕಾಯಿಸುತ್ತಾರೆ. ಹೊಲಿಗೆ ತೆಗೆಸಲು ಬಂದ ದಿನವೇ ಆ ತಾರೀಕು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.